ಪ್ರೆಸೆಂಟ್, ಸಾರ್!

ತರಗತಿಯಲ್ಲಿ ಹಾಜರಿ ಕೂಗುವಾಗ ‘ಪ್ರೆಸೆಂಟ್, ಸಾರ್’ ಎನ್ನುವುದರಲ್ಲಿ ಎರಡು ಬಗೆಯುಂಟು. ತಾನು ಕುಳಿತಿದ್ದು ತಾನೇ ಕೂಗುವುದು ಒಂದು. ಸಿನಿಮಾಕ್ಕೆ ಹೋದ ಗೆಳೆಯನ ಪರವಾಗಿ ದನಿ ಬದಲಿಸಿ ಕೂಗುವುದು ಇನ್ನೊಂದು. ಎರಡನೆಯದಕ್ಕೆ ಪ್ರಾಕ್ಸಿ ಎಂದು ಹೆಸರು. ಈ ವಿದ್ಯೆಯನ್ನು ನಮ್ಮ ಕಾಲೇಜಿನವರಿಗೆ ಹೊಸದಾಗಿ ವಿವರಿಸಬೇಕಾಗಿಲ್ಲವಷ್ಟೆ.

ವಯಸ್ಸಾದ ಸಂಗೀತಗಾರರು ಬಹುಕಾಲದ ಮೇಲೆ ಮತ್ತೆ ಒಂದುಗೂಡಿದರೆಂದು ಕೇಳಿದಾಗಲೆಲ್ಲ ನನಗೆ ನೆನಪಾಗುತ್ತಿದ್ದುದು ಈ ಎರಡನೆಯ ಬಗೆಯ ಹಾಜರಿಯೇ. ಎಂದೋ ಎದ್ದುಹೋದ ತಮ್ಮ ಯೌವನದ ಪರವಾಗಿ ಮುದುಕರು ದನಿ ಬದಲಿಸಿ ಕೂಗುತ್ತಾರೆ. ಅಭಿಮಾನಿಗಳು ಗೊತ್ತಿದ್ದೂ ಗುರುತು ಹಾಕಿಕೊಳ್ಳುತ್ತಾರೆ. ಇದು ನನ್ನ ವಾದವಾಗಿತ್ತು. ಈ ವಾದವನ್ನು ಸಡಿಲಿಸಿದ ಒಂದು ಧ್ವನಿಮುದ್ರಿಕೆಯ ವಿಚಾರವಾಗಿ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ವಿಚಿತ್ರವೆಂದರೆ, ಅದರ ಹೆಸರೂ ‘ಪ್ರೆಸೆಂಟ್’.

ಇದನ್ನು ಹೊರತಂದವರು ಇಂಗ್ಲೆಂಡಿನ ‘ವ್ಯಾನ್ ಡರ್ ಗ್ರಾಫ್ ಜನರೇಟರ್’ ತಂಡದವರು. ಭೌತವಿಜ್ಞಾನ ಓದಿದವರು ಹುಬ್ಬೇರಿಸಬಹುದು. ಅದು ಸ್ಥಾಯೀವಿದ್ಯುತ್ತನ್ನು ಕೂಡಿಡುವ ಯಂತ್ರದ ಹೆಸರು. ಅದರಲ್ಲೂ ಕಾಗುಣಿತ ತಪ್ಪಿದ ಹೆಸರು! ತಂಡವನ್ನು ಕಟ್ಟಿದವರು ನಮ್ಮಂಥ ವಿದ್ಯಾರ್ಥಿಗಳೇ: ೧೯೬೭ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದ ಪೀಟರ್ ಹ್ಯಾಮಿಲ್ ಮತ್ತು ಕ್ರಿಸ್ ಜಡ್ಜ್ ಸ್ಮಿತ್. ಸ್ಮಿತ್ ಬೇಗನೆ ಹೊರಗೆ ಹೋದ. ಹ್ಯಾಮಿಲನ ಕಂಠಕ್ಕೆ ಹ್ಯೂ ಬ್ಯಾಂಟನ್ನನ ಆರ್ಗನ್ನು, ಡೇವಿಡ್ ಜ್ಯಾಕ್ಸನ್ನನ ಸ್ಯಾಕ್ಸೊಫೋನು, ಗೈ ಎವನ್ಸನ ಡ್ರಮ್ಮು ಸೇರಿದ ಮೇಲೆ ತಂಡಕ್ಕೆ ತನ್ನದೇ ಆದ ರೂಪ ಬಂದಿತು. ಮೂರು ನಿಮಿಷದ ಹಾಡಿನ ಬೇಲಿಯನ್ನು ದಾಟಿ ಹೋದ ರಾಕ್ ಸಂಗೀತಕ್ಕೆ ಪ್ರೋಗ್ರೆಸಿವ್ ರಾಕ್ ಎನ್ನುತ್ತಾರೆ. ಇವರಾದರೋ ೧೯೭೧ರ ‘ಪಾನ್ ಹಾರ್ಟ್ಸ್’ ಮುದ್ರಿಕೆಯ ಒಂದು ಇಡೀ ಮಗ್ಗುಲನ್ನು ದೀಪಸ್ತಂಭ ಕಾಯುವವನೊಬ್ಬನ ಏಕಾಂತದ ಕಥೆಗೆ ಬಿಟ್ಟುಕೊಟ್ಟರು. ಸ್ವದೇಶದಲ್ಲಿ ಅಷ್ಟೇನೂ ಮಾರಾಟವಾಗದ ಆ ಮುದ್ರಿಕೆ ಇಟಲಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು.

ತಂಡ ೧೯೭೨ರಲ್ಲಿ ಒಡೆಯಿತು, ೧೯೭೫ರಲ್ಲಿ ಕೂಡಿತು. ಆಮೇಲೆ ಬ್ಯಾಂಟನ್ನನೂ ಜ್ಯಾಕ್ಸನ್ನನೂ ಹೊರನಡೆದರು. ೧೯೭೮ರಲ್ಲಿ ಎಲ್ಲವೂ ಮುಗಿಯಿತು. ಅನಂತರ ಕಾಲು ಶತಮಾನ ಕಳೆಯಿತು. ೨೦೦೩ರ ಡಿಸೆಂಬರಿನಲ್ಲಿ ಹ್ಯಾಮಿಲನಿಗೆ ಹೃದಯಾಘಾತವಾಯಿತು. ಚೇತರಿಸಿಕೊಂಡ ಮೇಲೆ ಮರುವರ್ಷ ಆ ನಾಲ್ವರೂ ಒಂದೆಡೆ ಕುಳಿತು ನುಡಿಸಿದರು. ೨೦೦೫ರಲ್ಲಿ ‘ಪ್ರೆಸೆಂಟ್’ ಹೊರಬಂದಿತು. ಆ ವರ್ಷದ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಕಚೇರಿಯೂ ನಡೆಯಿತು.

ಈ ಮುದ್ರಿಕೆಯಲ್ಲಿ ಎರಡು ತಟ್ಟೆಗಳಿವೆ. ಮೊದಲನೆಯದರಲ್ಲಿರುವುದು ಆರು ಹೊಸ ರಚನೆಗಳು. ಎರಡನೆಯದರಲ್ಲಿ ಮೊದಲೇ ಬರೆದಿಟ್ಟುಕೊಂಡದ್ದು ಏನೂ ಇಲ್ಲ. ನಾಲ್ವರೂ ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸಿದ್ದಾರೆ. ನಮ್ಮ ಸಂಗೀತದವರು ಮನೋಧರ್ಮ ಎನ್ನುತ್ತಾರಲ್ಲ, ಹೆಚ್ಚುಕಡಮೆ ಅಂಥದು. ನನಗೆ ಮೆಚ್ಚುಗೆಯಾದದ್ದು ಇದೇ. ಮಾರಾಟವೊಂದೇ ಗುರಿಯಾಗಿದ್ದಿದ್ದರೆ ಹಳೆಯ ಹಾಡುಗಳಿಗೇ ಹೊಸ ಬಣ್ಣ ಬಳಿಯಬಹುದಿತ್ತು. ಅದನ್ನು ಬಿಟ್ಟು, ‘ನಮಗೆ ಈಗ ಏನು ಬರುತ್ತದೆ?’ ಎಂದು ತಮ್ಮನ್ನು ತಾವೇ ಪರೀಕ್ಷೆಗೆ ಒಡ್ಡಿಕೊಂಡರು. ತಡವರಿಕೆಯನ್ನೂ ಮುಚ್ಚಿಡದೆ ಕೇಳುವವರ ಮುಂದಿಟ್ಟರು. ಎರಡನೆಯ ತಟ್ಟೆ ಅಲ್ಲಲ್ಲಿ ಬೇಸರ ತರಿಸುತ್ತದೆ, ದಾರಿ ತಪ್ಪಿ ಅಲೆಯುತ್ತದೆ, ಒಪ್ಪುತ್ತೇನೆ. ಆದರೆ ಅದು ಅವರದೇ ದನಿ, ಆ ಹೊತ್ತಿನ ದನಿ.

ಈ ಧ್ವನಿಮುದ್ರಿಕೆಯನ್ನು ನನಗೆ ಕೇಳಿಸಿದ ಹಾಸ್ಟೆಲಿನ ಮಿತ್ರನೇ, “ಸೇರದೆ ಇದ್ದಿದ್ದರೆ ಹಳೆಯ ನೆನಪಾದರೂ ಕೆಡದೆ ಉಳಿಯುತ್ತಿತ್ತು” ಎಂದು ಆಕ್ಷೇಪಿಸಿದ. ನಾನು ಒಪ್ಪಲಾರೆ. ‘ಪಾನ್ ಹಾರ್ಟ್ಸ್’ ಇದ್ದಲ್ಲಿಯೇ ಇದೆ. ಯಾರೂ ಅದನ್ನು ಅಳಿಸಿಲ್ಲ. ನೆನಪು ಕೆಟ್ಟೀತೆಂದು ಬದುಕಿರುವ ಮನುಷ್ಯರು ಬಾಯಿ ಮುಚ್ಚಿಕೊಂಡಿರಬೇಕೆಂಬುದು ಯಾವ ನ್ಯಾಯ?

ಇನ್ನೊಂದು ಸಂಗತಿ. ೨೦೦೫ರ ಕಚೇರಿಗಳಾದ ಮೇಲೆ ಜ್ಯಾಕ್ಸನ್ ಮತ್ತೆ ತಂಡದಿಂದ ದೂರವಾದ. ಉಳಿದ ಮೂವರು ಅವನ ಜಾಗಕ್ಕೆ ಬೇರೊಬ್ಬ ಸ್ಯಾಕ್ಸೊಫೋನಿನವನನ್ನು ತಂದು ನಿಲ್ಲಿಸಲಿಲ್ಲ. ಮೂವರೇ ೨೦೦೮ರಲ್ಲಿ ‘ಟ್ರೈಸೆಕ್ಟರ್’ ಹೊರತಂದರು. ೨೦೧೬ರ ‘ಡು ನಾಟ್ ಡಿಸ್ಟರ್ಬ್’ವರೆಗೂ ಹಾಗೆಯೇ ಮುಂದುವರಿದರು. ಖಾಲಿಯಾದ ಜಾಗವನ್ನು ಖಾಲಿಯೆಂದೇ ಒಪ್ಪಿಕೊಂಡು ಅದಕ್ಕೆ ತಕ್ಕಂತೆ ಹೊಸದಾಗಿ ರಚಿಸಿದರು. ಪ್ರಾಕ್ಸಿಯೆಂಬ ನನ್ನ ಹಳೆಯ ಆರೋಪ ಇಲ್ಲಿಗೆ ಬಿದ್ದುಹೋಯಿತು.

ಇಷ್ಟೆಲ್ಲ ಬರೆಯಲು ಕಾರಣವೊಂದುಂಟು. ನಾನು ಮೊದಲ ವರ್ಷದಲ್ಲಿದ್ದಾಗ ಕಾಲೇಜು ದಿನಾಚರಣೆಯಲ್ಲಿ ನಾಲ್ವರು ಸೇರಿ ಹಾಡಿ ಬಹುಮಾನ ಪಡೆದಿದ್ದೆವು. ಮರುವರ್ಷ ಮೈಕಿನ ಮುಂದೆ ನಡುವೆ ನಿಲ್ಲುವವರು ಯಾರೆಂಬ ಅತ್ಯಲ್ಪ ವಿಷಯಕ್ಕೆ ಜಗಳವಾಯಿತು. ಬಿರುಸಿನ ಮಾತನಾಡಿದವನು ನಾನು. ಇದು ನಮ್ಮ ಕೊನೆಯ ವರ್ಷ. ಅಧ್ಯಾಪಕರೊಬ್ಬರು, “ಅದೇ ಹಾಡನ್ನು ಇನ್ನೊಮ್ಮೆ ಹಾಡಿರಪ್ಪ” ಎಂದರು. ಆಗಲಿ ಎನ್ನುವುದು ಸುಲಭವಾಗಿತ್ತು. ಹಳೆಯ ಹಾಡು ಹಾಡಿದರೆ ಹಳೆಯ ಮಾತಿಗೆ ಕ್ಷಮೆ ಕೇಳಬೇಕಾಗುವುದಿಲ್ಲ.

ಈಗ ಬೇರೆ ನಿರ್ಧಾರ ಮಾಡಿದ್ದೇನೆ. ಮೂವರನ್ನೂ ಕಂಡು ಕ್ಷಮೆ ಕೇಳಿದ್ದೇನೆ. ಸೇರುವುದಾದರೆ ಹೊಸ ಹಾಡಿಗೆ ಸೇರೋಣ, ಚೆನ್ನಾಗಿ ಬಾರದಿದ್ದರೂ ಚಿಂತೆಯಿಲ್ಲ ಎಂದಿದ್ದೇನೆ. ಇಬ್ಬರು ಒಪ್ಪಿದ್ದಾರೆ. ಒಬ್ಬನಿಂದ ಇನ್ನೂ ಉತ್ತರ ಬಂದಿಲ್ಲ. ಅವನು ಬಂದರೆ ನಡುವಿನ ಸ್ಥಾನ ಅವನದು. ಬಾರದಿದ್ದರೆ ಮೂವರೇ ಹಾಡುತ್ತೇವೆ. ಅವನ ಪರವಾಗಿ ಯಾರೂ ‘ಪ್ರೆಸೆಂಟ್’ ಎನ್ನುವುದಿಲ್ಲ.