ಮುರಿದ ಹಲ್ಲಿನ ಮೂಲ ಎರಕದಲ್ಲಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾದರೆ ರೈತರ ಲಕ್ಷ್ಯವೆಲ್ಲ ಕಾರ್ಖಾನೆಯ ಮಿಲ್ ಮೇಲೆ. ಮಿಲ್ ನಿಂತರೆ ಟ್ರ್ಯಾಕ್ಟರ್‌ಗಳ ಸಾಲು ಬೆಳೆಯುತ್ತದೆ. ಕಟಾವಾದ ಕಬ್ಬು ದಿನ ಕಳೆದಂತೆ ತೂಕ, ಸಕ್ಕರೆ ಅಂಶ ಎರಡನ್ನೂ ಕಳೆದುಕೊಳ್ಳುತ್ತದೆ. ನಷ್ಟ ಹೊರುವವನು ಬೆಳೆದವನೇ.

ಮಿಲ್ಲಿನ ರೋಲರ್‌ಗಳನ್ನು ಜೊತೆಗೂಡಿಸಿ ತಿರುಗಿಸುವ ಕ್ರೌನ್ ಪಿನಿಯನ್‌ಗಳೆಂಬ ಹಲ್ಲುಚಕ್ರಗಳು ಸಾಮಾನ್ಯವಾಗಿ ಎರಕದ ಉಕ್ಕಿನವು. ಅವುಗಳ ಹಲ್ಲು ಮುರಿದಾಗ ‘ಲೋಡ್ ಜಾಸ್ತಿ ಆಯ್ತು’ ಎಂದು ಕಡತ ಮುಚ್ಚುವುದು ಸುಲಭ. ಆದರೆ ನಿಮಿಷಕ್ಕೆ 4 ಸುತ್ತು ಎಂದು ಹಿಡಿದರೂ 120 ದಿನಗಳ ಹಂಗಾಮಿನಲ್ಲಿ ಪ್ರತಿ ಹಲ್ಲಿನ ಮೇಲೆ ಸುಮಾರು 7 ಲಕ್ಷ ಬಾರಿ ಹೊರೆ ಬಿದ್ದು ಇಳಿಯುತ್ತದೆ. ಒಂದೇ ಏಟಿಗೆ ಮುರಿಯದ ಉಕ್ಕು ಹೀಗೆ ದಣಿದು ಬಿರುಕು ಬಿಡುತ್ತದೆ.

ಆ ಬಿರುಕು ಎಲ್ಲಿ ಹುಟ್ಟುತ್ತದೆ? ಬಹಳ ಸಲ ಫೌಂಡ್ರಿಯಲ್ಲೇ ಅದಕ್ಕೆ ಜಾಗ ಸಿದ್ಧವಾಗಿರುತ್ತದೆ. ಕರಗಿದ ಉಕ್ಕು ಗಟ್ಟಿಯಾಗುವಾಗ ಸುಮಾರು ಶೇ 3ರಷ್ಟು ಕುಗ್ಗುತ್ತದೆ. ಕುಗ್ಗಿದ ಜಾಗಕ್ಕೆ ಅಚ್ಚಿನ ಮೇಲಿನ ಹೆಚ್ಚುವರಿ ಲೋಹದ ಕೋಶವಾದ ರೈಸರ್‌ನಿಂದ ದ್ರವ ಉಕ್ಕು ಬಂದು ಸೇರದಿದ್ದರೆ ದಪ್ಪ ಭಾಗದಲ್ಲಿ ಪೊಳ್ಳು ಉಳಿಯುತ್ತದೆ. ಅನಿಲದ ಗುಳ್ಳೆ, ಅಚ್ಚಿನ ಮರಳು, ಕಿಟ್ಟ ಕೂಡ ಒಳಗೆ ಸಿಕ್ಕಿಕೊಳ್ಳಬಹುದು. ಜಪಾನಿನ ಸಂಶೋಧಕ ಯುಕಿಟಾಕಾ ಮುರಕಾಮಿ ತೋರಿಸಿದಂತೆ, ಹೊರೆ ಎಳೆಯುವ ದಿಕ್ಕಿಗೆ ಅಡ್ಡಲಾಗಿ ದೋಷ ಎಷ್ಟು ಜಾಗ ಹರಡಿದೆ ಎಂಬುದರ ಮೇಲೆ ಲೋಹದ ಬಾಳಿಕೆ ನಿಂತಿದೆ. ಒಳಗೆ ಆಳದಲ್ಲಿದ್ದರೆ ಹಾನಿ ಮಾಡದಿರಬಹುದಾದ ಪೊಳ್ಳು ಹಲ್ಲಿನ ಬುಡದ ಮೇಲ್ಮೈಯಲ್ಲಿದ್ದರೆ ಅಪಾಯಕಾರಿ.

ಪಿನಿಯನ್ ಜೊತೆ ಕಾರ್ಖಾನೆಗೆ ಬರುವ ಟೆಸ್ಟ್ ಸರ್ಟಿಫಿಕೇಟ್ ಸಾಮಾನ್ಯವಾಗಿ ಈ ದೋಷಗಳನ್ನು ಹೇಳುವುದಿಲ್ಲ. ಅದರಲ್ಲಿರುವ ಬಲದ ಅಂಕಿ ಅನೇಕ ವೇಳೆ ಬೇರೆಯಾಗಿ ಎರೆದ ಸಣ್ಣ ತುಂಡಿನದು. ಇನ್ನೂ ಕೆಟ್ಟದ್ದು, ಕಂಡ ತೂತಿಗೆ ವೆಲ್ಡಿಂಗ್ ತುಂಬಿ, ಉಜ್ಜಿ, ಬಣ್ಣ ಬಳಿಯುವುದು. ವೆಲ್ಡಿಂಗ್ ಆದ ಮೇಲೆ ಸರಿಯಾದ ಶಾಖ ಸಂಸ್ಕರಣೆ ಆಗದಿದ್ದರೆ ಆ ತೇಪೆಯೇ ಹೊಸ ಬಿರುಕಿನ ಬಾಗಿಲು.

ಲೋಹದೊಳಗಿನ ದೋಷ ವರ್ಷಗಟ್ಟಲೆ ಅಡಗಿರಬಲ್ಲದು. 1989ರಲ್ಲಿ ಅಮೆರಿಕದ ಸೂ ಸಿಟಿಯಲ್ಲಿ ವಿಮಾನವೊಂದು ಅಪಘಾತಕ್ಕೀಡಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ಎಂಜಿನ್‌ನ ಫ್ಯಾನ್ ಡಿಸ್ಕ್ ಒಡೆದಿತ್ತು. ಅದು ಉಕ್ಕಲ್ಲ, ಟೈಟಾನಿಯಂ. ಆದರೆ ಬಿರುಕಿನ ಮೂಲ ಸುಮಾರು 18 ವರ್ಷ ಹಿಂದೆ ಲೋಹ ಕರಗಿಸುವಾಗಲೇ ಸೇರಿದ್ದ ದೋಷ.

ಕೂಡಗಿ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ತರುವ ಗೂಡ್ಸ್ ವ್ಯಾಗನ್‌ಗಳ ಕ್ಯಾಸ್ನಬ್ ಬೋಗಿಗಳೂ (ಚಕ್ರಗಳನ್ನು ಹಿಡಿದಿಡುವ ಚೌಕಟ್ಟುಗಳು) ಎರಕದ ಉಕ್ಕಿನವೇ. ಅವುಗಳಿಗೆ ರೈಲ್ವೆಯ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ ಮಾನದಂಡ ಹಾಕಿದೆ. ಕಬ್ಬಿನ ಮಿಲ್ಲಿಗೂ ಆ ಶಿಸ್ತು ಬೇಕು.

ಕಿಲೋ ಲೆಕ್ಕದಲ್ಲಿ ಅಗ್ಗವೆಂದು ಪಿನಿಯನ್ ಕೊಳ್ಳುವುದನ್ನು ಸಹಕಾರಿ ಮತ್ತು ಖಾಸಗಿ ಕಾರ್ಖಾನೆಗಳು ನಿಲ್ಲಿಸಬೇಕು. ಹಲ್ಲಿನ ಬುಡಕ್ಕೆ ಮ್ಯಾಗ್ನೆಟಿಕ್ ಪರೀಕ್ಷೆ, ಒಡಲಿಗೆ ಅಲ್ಟ್ರಾಸೋನಿಕ್ ಪರೀಕ್ಷೆ, ವೆಲ್ಡಿಂಗ್ ಮಾಡಿದ ಜಾಗಗಳ ದಾಖಲೆ ಇವು ಟೆಂಡರಿನ ಷರತ್ತಾಗಲಿ. ಮುರಿದ ಹಲ್ಲನ್ನು ಗುಜರಿಗೆ ಹಾಕದೆ ಪರೀಕ್ಷೆಗೆ ಕಳಿಸಬೇಕು. ಬಿರುಕು ಎಲ್ಲಿಂದ ಹೊರಟಿತೆಂಬುದು ಅನೇಕ ವೇಳೆ ಒಡೆದ ಮುಖದ ಗೆರೆಗಳಲ್ಲೇ ಕಾಣುತ್ತದೆ. ಮುಂದಿನ ಹಂಗಾಮಿನ ಬಾಯ್ಲರ್ ಪೂಜೆಗೆ ಮುನ್ನ ಈ ವರದಿಗಳನ್ನು ಕಬ್ಬು ಬೆಳೆಗಾರರ ಮುಂದಿಡಲು ಆಡಳಿತ ಮಂಡಳಿಗಳು ಒಪ್ಪಬೇಕು.