ಅಂಕಣಕ್ಕಿಂತ ಮೊದಲು ಸುರಕ್ಷತೆ

2025ರ ನವೆಂಬರ್‌ನಲ್ಲಿ ಹರಿಯಾಣದ ರೋಹ್ತಕ್ ಜಿಲ್ಲೆ ಹಾಗೂ ಬಹದ್ದೂರ್‌ಗಢದಲ್ಲಿ ಬ್ಯಾಸ್ಕೆಟ್‌ಬಾಲ್ ಕಂಬ ಮೈಮೇಲೆ ಕುಸಿದು ಇಬ್ಬರು ಹದಿಹರೆಯದ ಆಟಗಾರರು ಮೃತಪಟ್ಟ ಘಟನೆಗಳು, ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರದಂಥ ಊರುಗಳಲ್ಲಿ ತರಬೇತಿ ಅಂಕಣ ರೂಪಿಸುವವರಿಗೂ ಪಾಠವಾಗಬೇಕು. ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾದ ನಿಯಮದಂತೆ ಅಂಕಣವು 28 ಮೀಟರ್ ಉದ್ದ, 15 ಮೀಟರ್ ಅಗಲವಿದ್ದು, ಓಡಿಬಂದ ಆಟಗಾರ ಗೋಡೆಗೋ ಬೇಲಿಗೋ ಬಡಿಯದಂತೆ ಸುತ್ತಲೂ ಕನಿಷ್ಠ 2 ಮೀಟರ್ ತೆರವು ಜಾಗ ಇರಬೇಕು; 3.05 ಮೀಟರ್ ಎತ್ತರದಲ್ಲಿ ರಿಂಗ್ ಹೊತ್ತ ಕಂಬಕ್ಕೆ ಮೆತ್ತೆಯ ಹೊದಿಕೆಯೂ ಬೇಕು. ಮಳೆಗಾಲದಲ್ಲಿ ನೀರು ನಿಂತು ಪಾಚಿಗಟ್ಟುವ ನೆಲ, ಬುಡದಲ್ಲಿ ತುಕ್ಕು ಹಿಡಿದ ಕಬ್ಬಿಣ ಎರಡೂ ಅಪಾಯಕಾರಿಯಾದ್ದರಿಂದ, ಅಂಕಣದ ಅನುದಾನದ ಜತೆಗೇ ವಾರ್ಷಿಕ ತಪಾಸಣೆಗೂ ಹಣ ಮೀಸಲಿಟ್ಟು, ಅದರ ಹೊಣೆ ಯಾರದೆಂದು ಲಿಖಿತವಾಗಿ ನಿಗದಿಪಡಿಸುವುದು ಅಗತ್ಯ.