ಕಿರೀಟದ ಕೆಳಗಿನ ಎಲುಬು

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಕಟ್ಟಿದವರಿಗೆ, ದವಡೆಯ ಎಲುಬಿನಲ್ಲಿ ಲೋಹದ ಬೇರನ್ನು ನೆಟ್ಟು ಅದರ ಮೇಲೆ ಹಲ್ಲು ಕಟ್ಟುವ ಕಾಲವೊಂದು ಬಂದೀತೆಂಬ ಕಲ್ಪನೆ ಇದ್ದಿರಲಾರದು. ಈಗ ಶಿಕಾರಿಪುರ, ಸೊರಬಗಳ ಕಡೆಯಿಂದಲೂ ಜನ ಅಡಕೆಯ ಹಣದಲ್ಲಿ ಒಂದು ಪಾಲನ್ನು ತೆಗೆದಿರಿಸಿ, ಶಿವಮೊಗ್ಗೆಗೋ ಬೆಂಗಳೂರಿಗೋ ಹೋಗಿ 'ಇಂಪ್ಲಾಂಟ್' ಹಾಕಿಸಿಕೊಂಡು ಬರುತ್ತಾರೆ. ಬಂದವರು ನಕ್ಕು ತೋರಿಸುವುದು ಮೇಲಿನ ಕಿರೀಟವನ್ನು, ಎಂದರೆ ಜನರ ಬಾಯಲ್ಲಿ 'ಕ್ಯಾಪ್' ಆಗಿರುವ ಆ ಬಿಳಿಯ ಹಲ್ಲನ್ನು. ಅದರ ಆಯುಸ್ಸನ್ನು ನಿರ್ಣಯಿಸತಕ್ಕದ್ದು ಮಾತ್ರ ಕಣ್ಣಿಗೆ ಕಾಣದ ಎಲುಬು.

ಈ ವಿದ್ಯೆ ಹುಟ್ಟಿದ್ದು ಒಂದು ಆಕಸ್ಮಿಕದಿಂದ. 1950ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಬ್ರಾನೆಮಾರ್ಕ್ ಎಂಬ ವಿಜ್ಞಾನಿ ಮೊಲದ ಕಾಲೆಲುಬಿನೊಳಗಿನ ರಕ್ತಸಂಚಾರವನ್ನು ನೋಡುವುದಕ್ಕೆಂದು ಟೈಟೇನಿಯಂ ಲೋಹದ ಸಣ್ಣ ಉಪಕರಣವೊಂದನ್ನು ಅಲ್ಲಿ ಕೂರಿಸಿದರು. ಪ್ರಯೋಗ ಮುಗಿದ ಮೇಲೆ ಕೀಳಲು ಹೋದರೆ ಬರಲೊಲ್ಲದು. ಎಲುಬು ಅದನ್ನು ತನ್ನದೆಂದೇ ಅಪ್ಪಿಕೊಂಡಿತ್ತು. 1965ರಲ್ಲಿ ಅವರು ಇದೇ ಲೋಹದ ತಿರುಪುಗಳನ್ನು ಒಬ್ಬ ರೋಗಿಯ ದವಡೆಯಲ್ಲಿ ನೆಟ್ಟರು. ಆತ 2006ರಲ್ಲಿ ತೀರಿಕೊಳ್ಳುವವರೆಗೆ, ನಲವತ್ತು ವರ್ಷಕ್ಕೂ ಮಿಗಿಲಾಗಿ, ಅವು ಕೆಲಸಕ್ಕೆ ಬಂದವು. ಅಷ್ಟು ಕಾಲ ಬಾಳಬಲ್ಲ ವಸ್ತು ಕೆಲವರ ಬಾಯಲ್ಲಿ ಏಳೆಂಟು ವರ್ಷಕ್ಕೇ ಬುಡ ಬಿಡುವುದೇಕೆ?

ದೇವರು ಕೊಟ್ಟ ಹಲ್ಲು ಎಲುಬಿಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ನಡುವೆ ಸೂಕ್ಷ್ಮವಾದ ನಾರುಗಳ ಹಾಸೊಂದುಂಟು. ಅನ್ನದಲ್ಲಿ ಕಲ್ಲು ಸಿಕ್ಕಿದೊಡನೆ ದವಡೆಯನ್ನು ತಡೆಯುವುದರಲ್ಲಿ ಆ ಹಾಸಿನ ಪಾಲು ದೊಡ್ಡದು. ಲೋಹದ ಬೇರಿಗೆ ಈ ಹಾಸೂ ಇಲ್ಲ, ಅದರ ಅರಿವೂ ಇಲ್ಲ. ಒಣಗಿದ ಗೋಟಡಕೆಯನ್ನು ಹಲ್ಲಿನಿಂದಲೇ ಒಡೆದು ತೋರಿಸುವ ಶೂರರು ಇದನ್ನು ನೆನಪಿನಲ್ಲಿಡಬೇಕು. ಆದಕಾರಣವೇ ಬಲ್ಲ ವೈದ್ಯರು ಕಿರೀಟದ ಎತ್ತರವನ್ನು ಕೂದಲೆಳೆಯಷ್ಟು ತಗ್ಗಿಸಿ, ಎದುರು ಹಲ್ಲು ಅದಕ್ಕೆ ಹಗುರವಾಗಿ ಮಾತ್ರ ತಾಗುವಂತೆ ನೋಡಿಕೊಳ್ಳುತ್ತಾರೆ.

ಕಿರೀಟವನ್ನು ಕೂರಿಸುವುದರಲ್ಲಿ ಎರಡು ಮಾರ್ಗಗಳಿವೆ. ಸಿಮೆಂಟಿನಿಂದ ಅಂಟಿಸುವುದು ಒಂದು, ತಿರುಪಿನಿಂದ ಬಿಗಿಯುವುದು ಇನ್ನೊಂದು. ಮೊದಲನೆಯದು ನೋಡಲು ಚೆಂದ. ಆದರೆ ಒತ್ತಿದಾಗ ಹೊರಚೆಲ್ಲಿದ ಸಿಮೆಂಟಿನ ಚೂರು ಒಸಡಿನ ಕೆಳಗೆ ಉಳಿದರೆ, ಅದು ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಸುಮ್ಮನಿದ್ದು ಅನಂತರ ಉರಿಯೂತವನ್ನು ಎಬ್ಬಿಸುತ್ತದೆ. ತಿರುಪಿನ ಕಿರೀಟದ ನೆತ್ತಿಯಲ್ಲಿ ಒಂದು ರಂಧ್ರವಿದ್ದು ಅದನ್ನು ಮುಚ್ಚಬೇಕಾಗುತ್ತದೆ, ನಿಜ. ಆದರೂ ಬೇಕಾದಾಗ ಬಿಚ್ಚಿ ತೊಳೆದು ಮತ್ತೆ ಕೂರಿಸಬಹುದಾದ್ದರಿಂದ, ಬೇರು ನೆಟ್ಟ ಕೋನ ಒಪ್ಪುವಲ್ಲೆಲ್ಲ ಅದೇ ಮೇಲೆಂದು ನನ್ನ ಅಭಿಪ್ರಾಯ. ಆಕಾರವೂ ಮುಖ್ಯ. ಸೊರಬದ ಗುಡಿಗಾರರು ಕೆತ್ತಿದ ಗಂಧದ ಪೆಟ್ಟಿಗೆಯನ್ನು ಒರೆಸಿದವರಿಗೆ ಗೊತ್ತು, ಬಟ್ಟೆ ತಲಪದ ಸಂದಿಯಲ್ಲೇ ಧೂಳು ನಿಲ್ಲುವುದು. ಬುಡದಲ್ಲಿ ಉಬ್ಬಿದ ಕಿರೀಟದ ಕೆಳಗೂ ಹಾಗೆಯೇ ಕೊಳೆ ನಿಲ್ಲುತ್ತದೆ.

ಕೊಳೆ ನಿಂತಲ್ಲಿ ಮೊದಲು ಒಸಡು ಕೆಂಪೇರಿ, ಉಜ್ಜಿದರೆ ರಕ್ತ ಬರುತ್ತದೆ. ಇಷ್ಟರಲ್ಲೇ ಶುಚಿ ಮಾಡಿಸಿದರೆ ಗುಣವುಂಟು. ಮುಂದಿನ ಹಂತದಲ್ಲಿ ಎಲುಬೇ ತಿರುಪಿನ ಸುತ್ತ ಬಟ್ಟಲಿನಂತೆ ಕರಗತೊಡಗುತ್ತದೆ. ಬಹುಮಟ್ಟಿಗೆ ನೋವಿರುವುದಿಲ್ಲ. ತಳದ ಎಲುಬು ಹಿಡಿದಿರುವವರೆಗೆ ಹಲ್ಲು ಅಲುಗುವುದೂ ಇಲ್ಲ. ಮಲೆನಾಡಿನ ಮನೆಯ ಕಂಬಕ್ಕೆ ಗೆದ್ದಲು ಹಿಡಿದಾಗ ಮೇಲಿನ ಬಣ್ಣ ಹೇಗೆ ಹೊಳೆಯುತ್ತಲೇ ಇರುತ್ತದೆಯೋ ಹಾಗೆ. ಕಿರೀಟವೇನಾದರೂ ಅಲುಗಿದರೆ ಒಳಗಿನ ತಿರುಪು ಸಡಿಲವಾಗಿರುವುದೂ ಉಂಟು. ಬೇರು ಹೋಯಿತೆಂದು ಎದೆಗೆಡಬೇಕಾಗಿಲ್ಲ, ಆದರೆ ತಡಮಾಡಬಾರದು. ಕಿರೀಟ ಕೂರಿಸಿದಾಗಲೇ ಒಂದು ಎಕ್ಸ್-ರೇ ತೆಗೆಸಿಟ್ಟುಕೊಂಡರೆ ಮುಂದಿನ ವರ್ಷಗಳ ಎಲುಬಿನ ಮಟ್ಟವನ್ನು ಅದರೊಡನೆ ಹೋಲಿಸಬಹುದು. ಮೊದಲ ವರ್ಷ ಕೊಂಚ ಇಳಿಯುವುದು ಸಹಜ. ಅನಂತರ ವರ್ಷಕ್ಕೆ 0.2 ಮಿಲಿಮೀಟರಿಗಿಂತ ಕಡಮೆ ಇಳಿಯಬೇಕೆಂದು 1986ರಲ್ಲಿ ತಜ್ಞರು ಅಳತೆಯೊಂದನ್ನು ಹಾಕಿಕೊಟ್ಟರು.

ಇನ್ನು ತಾಂಬೂಲದ ಮಾತು. ಬಳ್ಳಿಗಾವೆಯ ವೈಭವದ ದಿನಗಳಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ತಾಂಬೂಲವನ್ನು ರಾಜಭೋಗಗಳಲ್ಲೊಂದಾಗಿ ಎಣಿಸಿದ್ದಾನೆ. ಅಡಕೆಯ ಸೀಮೆಯಲ್ಲಿ ಅದಕ್ಕೆ ವಿರುದ್ಧವಾಗಿ ಬರೆಯುವುದು ಊಟ ಹಾಕಿದವರ ಎಲೆಯನ್ನೇ ದೂರಿದಂತಾದೀತು. ಆದರೂ ಅಡಕೆಯು ಕ್ಯಾನ್ಸರ್‌ಕಾರಕವೆಂದು 2004ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಾರಿತು. ಬೀಡಿ ಸಿಗರೇಟು, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಹಿಂದೆ ಒಸಡಿನ ರೋಗದಿಂದಲೇ ಹಲ್ಲು ಕಳೆದುಕೊಂಡ ಇತಿಹಾಸ, ಇವು ನೆಟ್ಟ ಬೇರಿನ ಪರಮ ವೈರಿಗಳು.

ಕರಗಿದ ಎಲುಬನ್ನು ಮರಳಿ ತರುವುದು ಸುಲಭವಲ್ಲ. ಒಸಡನ್ನು ಬಿಡಿಸಿ ತಿರುಪಿನ ಮೈಯನ್ನು ತೊಳೆಯುತ್ತಾರೆ. ಕುಳಿಗೆ ಸುತ್ತಲೂ ಎಲುಬಿನ ಗೋಡೆಯಿದ್ದರೆ ಎಲುಬಿನ ಪುಡಿಯನ್ನು ತುಂಬುತ್ತಾರೆ. ಗೋಡೆಯೇ ಇಲ್ಲದಲ್ಲಿ ಪುಡಿ ನಿಲ್ಲಬೇಕಲ್ಲ! ಕೆಲವೊಮ್ಮೆ ತೆಗೆದುಹಾಕುವುದೊಂದೇ ದಾರಿ.

ದೂರದೂರಿನಲ್ಲಿ ಹಲ್ಲು ಕಟ್ಟಿಸಿಕೊಂಡವರಿಗೆ ಮತ್ತೊಂದು ಮಾತು. ಇಂಪ್ಲಾಂಟಿನ ಕಂಪನಿ, ಅಳತೆಗಳನ್ನು ಬರೆದ ಚೀಟಿಯನ್ನು ವೈದ್ಯರಿಂದ ಕೇಳಿ ಪಡೆಯಿರಿ. ಒಂದು ಕಂಪನಿಯ ತಿರುಪಿಗೆ ಇನ್ನೊಂದರ ಸಾಧನ ಹೊಂದುತ್ತದೆಂಬ ಭರವಸೆಯಿಲ್ಲ. ಹತ್ತು ವರ್ಷಗಳ ಮೇಲೆ ಬೇರೊಬ್ಬ ವೈದ್ಯರ ಮುಂದೆ ಬಾಯಿ ತೆರೆದು ಕುಳಿತಾಗ ಅವರು ಮೊದಲು ಕೇಳುವುದು ಅದನ್ನೇ. ತೋಟದ ಪಹಣಿ ಇರುವ ಪೆಟ್ಟಿಗೆಯಲ್ಲೇ ಅದನ್ನೂ ಇಟ್ಟರೆ ಕಳೆಯುವ ಭಯವಿಲ್ಲ.